ಚಾಕು ಮತ್ತು ಸೀಮೆಸುಣ್ಣ

ಶಿಡ್ಲಘಟ್ಟದ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ತನುಜ ಆರನೇ ತರಗತಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದಳು. ಭಿನ್ನರಾಶಿ ಎಂದರೆ ಮುಖ ಸಿಂಡರಿಸುತ್ತಿದ್ದ ಮಕ್ಕಳ ಮುಂದೆ ಒಂದು ದಿನ ಲೋಟ, ಹೆಸರುಬೇಳೆ, ಸೌತೆಕಾಯಿ ತಂದಿಟ್ಟಳು. ಅರ್ಧ ಲೋಟ ಬೇಳೆ ನೆನೆದು ಲೋಟದ ತುಂಬ ಆದಾಗ ಭಾನುಪ್ರಿಯಾ ಎಂಬ ಹುಡುಗಿ ಎದ್ದು ನಿಂತು, "ಇನ್ನರ್ಧ ಎಲ್ಲಿಂದ ಬಂತು ಮಿಸ್?" ಎಂದು ಕೇಳಿದ್ದಳು. ಉಪ್ಪು ಬಿದ್ದ ಸೌತೆಕಾಯಿ ನೀರು ಬಿಡುವುದನ್ನು ಇಡೀ ತರಗತಿ ಬಗ್ಗಿ ನೋಡಿತ್ತು. ಹೆಚ್ಚುವುದು, ಅಳೆಯುವುದು, ಲೆಕ್ಕ ಬರೆಯುವುದು ಎಲ್ಲರಿಗೂ ಸರದಿಯ ಮೇಲೆ. ಕೊನೆಗೆ ಕೋಸಂಬರಿಯೂ ಎಲ್ಲರಿಗೂ.

ಈ ಪಾಠ ನೋಡಲು ಅಧಿಕಾರಿಯೊಬ್ಬರು ಬಂದ ದಿನ ತನುಜ ತರಬೇತಿಗೆಂದು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದಳು. ಮಧ್ಯಾಹ್ನ ಬಸ್ಸಿಳಿದು ಓಡಿ ಬಂದರೆ, ಹುಡುಗಿಯರೆಲ್ಲ ನೆಲದ ಮೇಲೆ ಕೂತು ಹೆಚ್ಚುತ್ತಿದ್ದರು. ಹುಡುಗರು ಬೋರ್ಡಿನ ಮುಂದೆ ನಿಂತು ಲೆಕ್ಕ ಒಪ್ಪಿಸುತ್ತಿದ್ದರು. ಅಧಿಕಾರಿ ಫೋಟೊ ತೆಗೆಯುತ್ತಿದ್ದರು.

"ಸಾರ್, ಭಾನುಪ್ರಿಯಾ ಯಾಕೆ ಕೆಳಗೆ ಕೂತಿದಾಳೆ?" ಎಂದು ಹೆಡ್‌ಮಾಸ್ಟರ್ ಮೋಹನ್‌ಬಾಬು ಅವರನ್ನು ಕೇಳಿದಳು.

"ಹೆಣ್ಮಕ್ಕಳಿಗೆ ಅಭ್ಯಾಸ ಇರುತ್ತೆ ಕಣಮ್ಮ, ನೀಟಾಗಿ ಹೆಚ್ತಾರೆ. ಹುಡುಗರು ಗಟ್ಟಿಯಾಗಿ ಮಾತಾಡ್ತಾರೆ. ಬಂದೋರ ಮುಂದೆ ಚೆನ್ನಾಗಿ ಕಾಣ್ಬೇಕಲ್ಲ."

ತನುಜಳ ಕಿವಿ ಬಿಸಿಯಾಯಿತು. "ಹೆಚ್ಚೋದನ್ನ ಇವರು ಮನೇಲೇ ಕಲ್ತಿದಾರೆ ಸಾರ್. ಇವರ ಕೈಗೆ ಚಾಕು, ಅವರ ಕೈಗೆ ಸೀಮೆಸುಣ್ಣ ಕೊಟ್ಟಿದೀರಲ್ಲ, ನಾಚಿಕೆ ಆಗಲ್ವಾ?"

ಅಧಿಕಾರಿ ಫೋನು ಜೇಬಿಗೆ ಹಾಕಿಕೊಂಡು, ಇನ್ನೊಂದು ಶಾಲೆಗೆ ಹೋಗಬೇಕೆಂದು ಹೊರಟುಬಿಟ್ಟರು. ಮೋಹನ್‌ಬಾಬು ಅವರ ಮುಖ ಕೆಂಪಗಾಯಿತು. "ನಾಳೆಯಿಂದ ಅಡುಗೆ ಗಿಡುಗೆ ಬಂದ್! ಪುಸ್ತಕದಲ್ಲಿರೋದು ಮಾಡಿ, ಸಾಕು."

ತನುಜ ಭಾನುಪ್ರಿಯಾಳ ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟಳು. ಹುಡುಗಿ ಕೈ ಕೊಡವಿದಳು.

"ನೀವು ಅಡುಗೆ ತಂದಿದ್ದಕ್ಕೇ ಮಿಸ್ ಇದೆಲ್ಲ! ಮನೇಲೂ ನಾನೇ, ಇಲ್ಲೂ ನಾನೇನಾ? ಬೇಡ ನಿಮ್ಮ ಕೋಸಂಬರಿ!" ಬಟ್ಟಲನ್ನು ತಳ್ಳಿದಳು. ಬೇಳೆ ನೆಲದ ತುಂಬ ಚೆಲ್ಲಿತು.

ತನುಜ ಚೆಲ್ಲಿದ ಬೇಳೆಯನ್ನು ಬಾಚಿ ಬಟ್ಟಲಿಗೆ ಹಾಕಿದಳು. ಹುಡುಗಿಯ ಸಿಟ್ಟಿನಲ್ಲಿ ನ್ಯಾಯವಿತ್ತು.

"ಏನ್ ಮಾಡಣ ಹೇಳಮ್ಮ," ಎಂದಳು.

"ನಾನು ಚಾಕು ಮುಟ್ಟಲ್ಲ. ಬೋರ್ಡ್ ನಂದು."

ಮರುದಿನ ತನುಜ ಮತ್ತೆ ತರಕಾರಿ ತಂದಳು. ಹುಡುಗರನ್ನು ಹೆಚ್ಚಲು ಕೂರಿಸಿದಳು.

"ನಮ್ಮಪ್ಪ ನೋಡಿದ್ರೆ ಬೈತಾರೆ ಮಿಸ್," ಎಂದು ಹರಿಕೃಷ್ಣ ಗೊಣಗಿದ.

"ಬೈಲಿ. ನಂಗೂ ಬೈಯಕ್ಕೆ ಬರುತ್ತೆ. ಹೆಚ್ಚಪ್ಪ."

ಅಷ್ಟರಲ್ಲಿ ಮೋಹನ್‌ಬಾಬು ಬಾಗಿಲಿಗೆ ಬಂದು, "ತನುಜ ಮೇಡಂ!" ಎಂದು ಗದರಿದರು. ಬೋರ್ಡಿನ ಬಳಿಯಿದ್ದ ಭಾನುಪ್ರಿಯಾ ತಿರುಗಿಯೂ ನೋಡದೆ ಕೂಗಿದಳು: "ಮುಕ್ಕಾಲು ಲೋಟದಲ್ಲಿ ಕಾಲು ತೆಗೆದ್ರೆ ಎಷ್ಟು?"

"ಅರ್ಧ!" ಎಂದು ಕಿರುಚಿದ ತರಗತಿಯ ಗದ್ದಲದಲ್ಲಿ ಅವರ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಸಂಜೆ ಅವರು ತನುಜಳನ್ನು ಕರೆಸಿ ಬೈದರು. ಅವಳೂ ಸುಮ್ಮನಿರಲಿಲ್ಲ. ಕೋಸಂಬರಿ ಮಾತ್ರ ನಿಲ್ಲಲಿಲ್ಲ.