ಗೇರ್ ಬಾಕ್ಸ್ ಬಿಚ್ಚಿದ ದಿನ

"ಲಿಂಗ ಮುಟ್ಟಿ ಹೇಳ್ತೀನ್ರಿ ಸ್ವಾಮ್ಯಾರ, ನನ್ನ ಕೈಯಿಂದ ತಪ್ಪಾಗಿಲ್ಲ," ಎಂದು ಚನ್ನಮಲ್ಲಪ್ಪ ಅಂಗಿಯೊಳಗೆ ಕೈ ಹಾಕಿದ.

"ಗ್ರೀಸ್ ಕೈಲಿ ಲಿಂಗ ಮುಟ್ಟಬೇಡ," ಎಂದರು ಏಕಾಂತಯ್ಯ. "ಆಣೆ ಬೇಕಾಗಿಲ್ಲ ನನಗೆ. ಬಿಚ್ಚು. ನನ್ನ ಕಣ್ಣೆದುರಿಗೆ ಬಿಚ್ಚಿ ತೋರಿಸು."

ಕಾಮಾಕ್ಷಿಪಾಳ್ಯದ ಆ ಶೆಡ್ಡಿನ ಮುಂದೆ ಅವರ ಮಗ ಗಂಗಾಧರನ ಮೋಟಾರ್ ಸೈಕಲ್ಲು ನಿಂತಿತ್ತು. ಹಳೆಯ ಇಂಗ್ಲಿಷ್ ಗಾಡಿ. ಹೆಡ್‌ಲೈಟ್ ಒಡೆದಿತ್ತು, ಹ್ಯಾಂಡಲ್ ಎಡಕ್ಕೆ ಸೊಟ್ಟಗಾಗಿತ್ತು. ಮೂರು ತಿಂಗಳಿಂದ ರಾಜಾಜಿನಗರದ ಮನೆಯ ಕಾಂಪೌಂಡಿನಲ್ಲಿ ಗೋಣಿತಾಟಿನ ಕೆಳಗೆ ಬಿದ್ದಿದ್ದ ಅದನ್ನು ಬೆಳಿಗ್ಗೆ ಕೈಗಾಡಿಯಲ್ಲಿ ಹೇರಿ ತಂದಿದ್ದರು. ಬೆಂಚಿನ ತುದಿಯಲ್ಲಿ ಸೊಸೆ ನೀಲಾ ಕೂತಿದ್ದಳು. "ನೀನೂ ಬಾ. ಮುದುಕ ಸುಳ್ಳು ಹೇಳ್ದ ಅಂತ ನಾಳೆ ಯಾರೂ ಅನ್ನಬಾರದು," ಎಂದು ಅವರೇ ಕರೆತಂದಿದ್ದರು.

ಗೇರು ಜಾರುತ್ತದೆ ಎಂದು ಗಂಗಾಧರ ಇಲ್ಲೇ ರಿಪೇರಿ ಮಾಡಿಸಿದ್ದ. ಎಂಟನೆಯ ದಿನ ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಲಾರಿಗೆ ಸಿಕ್ಕಿ ಸತ್ತ. ಅವನು ರಸ್ತೆ ಬಿಟ್ಟು ತನ್ನ ಬಲಗಾಲಿನ ಕಡೆ ಬಗ್ಗಿ ನೋಡುತ್ತಿದ್ದ ಎಂದು ಕಂಡವರು ಹೇಳಿದರು. ಆ ಗಾಡಿಯ ಗೇರು ಬಲಗಾಲಿಗೆ. ಏಕಾಂತಯ್ಯನವರಿಗೆ ಅಷ್ಟು ಸಾಕಾಯಿತು. ಮಠದಲ್ಲಿ, ಬಸ್‌ಸ್ಟಾಪಿನಲ್ಲಿ, ಸಿಕ್ಕವರಿಗೆಲ್ಲ ಚನ್ನಮಲ್ಲಪ್ಪನ ಹೆಸರು ಹೇಳಿದರು. ಮನೆಯಲ್ಲಿ ಕಮಲಾಕ್ಷಮ್ಮ ಸೊಸೆಯ ಕಾಲ್ಗುಣದ ಮಾತೆತ್ತಿದಾಗಲೆಲ್ಲ, "ಹುಡುಗಿ ಮೇಲೆ ಯಾಕೆ ಹಾಕ್ತೀಯೆ? ಕೊಂದೋನು ಕಾಮಾಕ್ಷಿಪಾಳ್ಯದಲ್ಲಿದಾನೆ," ಎಂದು ಹೆಂಡತಿಯ ಬಾಯಿ ಮುಚ್ಚಿಸುತ್ತಿದ್ದರು. ಆ ಒಂದು ಮಾತಿನ ಆಸರೆಯಲ್ಲಿ ನೀಲಾ ಆ ಮನೆಯಲ್ಲಿದ್ದಳು.

ಪಕ್ಕದ ಟೀ ಅಂಗಡಿಯ ಮುನಿತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು. "ಮುಂಚೆ ಇಲ್ಲಿ ಗಾಡಿ ನಿಲ್ಸಕ್ಕೆ ಜಾಗ ಇರ್ತಿರ್ಲಿಲ್ಲ ಸ್ವಾಮಿ. ಈಗ ನಾಯಿ ಮಲಗ್ತದೆ. ಇವ್ನು ತಿನ್ನೋ ಬನ್ನಲ್ಲಿ ಅದಕ್ಕೂ ಅರ್ಧ."

"ನೀ ಸುಮ್ನಿರಬೇ," ಎಂದ ಚನ್ನಮಲ್ಲಪ್ಪ.

ಅವನು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿದ. ಆಯಿಲನ್ನು ಡಬ್ಬಕ್ಕೆ ಇಳಿಸಿ ಗೇರ್ ಬಾಕ್ಸಿನ ಮುಚ್ಚಳ ತೆಗೆದ. ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಿಚ್ಚಿದ ಕ್ರಮದಲ್ಲೇ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟ. ಮತ್ತೆ ಜೋಡಿಸಿದಾಗ ಪತ್ರಿಕೆ ಖಾಲಿಯಾದರೆ ಕೆಲಸ ಸರಿಯಾಗಿದೆ ಎಂಬುದು ಅವನ ಲೆಕ್ಕ.

"ಈ ಫೋರ್ಕ್ ಸವೆದಿತ್ರಿ. ಅದಕ್ಕ ಗೇರ್ ಜಾರ್ತಿತ್ತು. ಹೊಸಾದು ಹಾಕೀನಿ. ಬೆರಳು ಆಡಿಸಿ ನೋಡ್ರಿ."

ಏಕಾಂತಯ್ಯ ಕನ್ನಡಕ ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತರು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಬೆರಳನ್ನು ಗೇರು ಚಕ್ರಗಳ ಹಲ್ಲುಹಲ್ಲಿನ ಮೇಲೂ ಆಡಿಸಿದರು. ಒಂದು ಹಲ್ಲೂ ಮುರಿದಿರಲಿಲ್ಲ. ಎಲ್ಲವನ್ನೂ ಜೋಡಿಸಿ ಚನ್ನಮಲ್ಲಪ್ಪ ಸ್ಪ್ಯಾನರಿನಿಂದ ಗೇರು ತಿರುಗಿಸಿದ. ಒಂದು, ಎರಡು, ಮೂರು, ನಾಲ್ಕು. ಪ್ರತಿ ಸಲವೂ ಕಟಕ್ ಎಂದು ಕೂತಿತು.

"ಹಾಗಾದ್ರೆ ಅವನು ಯಾಕೆ ಬಗ್ಗಿ ನೋಡ್ದ?" ಎಂದರು ಏಕಾಂತಯ್ಯ.

ಪೆಡಲಿನಿಂದ ಗೇರ್ ಬಾಕ್ಸಿಗೆ ಹೋಗುವ ಕಂಬಿ ಒಂದು ತುದಿ ಕಳಚಿ ನೇತಾಡುತ್ತಿತ್ತು. ಗಾಡಿ ಬಿದ್ದಾಗ ಕಳಚಿದ್ದು ಎಂದೇ ಎಲ್ಲರೂ ತಿಳಿದಿದ್ದರು. ಅದನ್ನು ಸಿಕ್ಕಿಸಲು ಹೋದ ಚನ್ನಮಲ್ಲಪ್ಪ, ಪಿನ್ ಕೂರುವ ತೂತಿನ ಮಣ್ಣು ಒರೆಸುತ್ತಿದ್ದವನು ನಿಂತ. ಇಕ್ಕಳದಿಂದ ಏನನ್ನೋ ಎಳೆದು ಬೆಳಕಿಗೆ ಹಿಡಿದ. ಕಪ್ಪು ತಂತಿಯ ಮುರಿದ ತುಂಡು. ನಡುವೆ ಅಲೆಅಲೆಯಾಗಿತ್ತು.

"ಇಲ್ಲಿ ಕಂಬಿ ಕಳಚಬಾರದಂತ ನಾ ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಮಡಚಿದ್ದೆ. ಯಾರೋ ಬಿಚ್ಚ್ಯಾರ. ಇದ್ಯಾವ ಜಾಣ ಹಾಕ್ಯಾನ್ರಿ, ಹೇರ್‌ಪಿನ್ನು?"

"ಗಾಡಿಗೂ ಜಡೆ ಹಾಕವ್ರಾ?" ಎಂದು ಮುನಿತಾಯಮ್ಮ ನಕ್ಕಳು. ತಾನೊಬ್ಬಳೇ ನಗುತ್ತಿರುವುದು ತಿಳಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಏಕಾಂತಯ್ಯ ಎದ್ದು ನಿಂತರು. "ನೀನೇ ಹಾಕಿದೀಯ. ಎರಡು ಕಾಸಿನ ಪಿನ್ ಉಳಿಸಕ್ಕೆ ಬೀದೀಲಿ ಬಿದ್ದಿದ್ದು ಸಿಕ್ಕಿಸಿ ಕಳಿಸಿದೀಯ. ಈಗ ಯಾರೋ ಅಂತೀಯ?"

ತುಂಡನ್ನು ಪತ್ರಿಕೆಯ ಮೇಲೆ ಇಟ್ಟ ಚನ್ನಮಲ್ಲಪ್ಪನ ಕೈ ಮತ್ತೆ ಅಂಗಿಯ ಕಡೆ ಹೋಯಿತು. ಕೈಯನ್ನು ನೋಡಿಕೊಂಡು ಇಳಿಸಿದ.

"ಮಾವ," ಎಂದಳು ನೀಲಾ. "ಅದು ನಂದು."

ಅವಳು ತುರುಬಿನಿಂದ ಒಂದು ಪಿನ್ ಎಳೆದು, ಬಗ್ಗಿ, ಪತ್ರಿಕೆಯ ಮೇಲೆ ಇಟ್ಟಳು. ಅದೇ ಕಪ್ಪು, ಅದೇ ಅಲೆ.

"ಅವತ್ತು ಬೆಳಿಗ್ಗೆ ಪೆಡಲ್ ಎತ್ತರ ಆಯ್ತು ಅಂತ ಅವರೇ ಬಿಚ್ಚಿ ಇಳಿಸ್ಕೊಂಡ್ರು. ಪಿನ್ ಮುರೀತು. ಅಡುಗೆಮನೆಗೆ ಬಂದು, ನಿಂದೊಂದು ಕೊಡೇ, ಸಾಯಂಕಾಲ ಚನ್ನಮಲ್ಲಪ್ಪನ ಹತ್ರ ಸರಿಯಾದ್ದು ಹಾಕಿಸ್ತೀನಿ ಅಂದ್ರು. ನನ್ನ ಕೈಯೆಲ್ಲ ರೊಟ್ಟಿ ಹಿಟ್ಟು. ನೀವೇ ತಗೊಳ್ಳಿ ಅಂತ ತಲೆ ಬಗ್ಗಿಸ್ದೆ. ಇಷ್ಟು ದಿನ ನೆನಪೇ ಆಗಿರಲಿಲ್ಲ."

ಪಕ್ಕದ ಶೆಡ್ಡಿನಲ್ಲಿ ಲೇತ್ ಮೆಷಿನ್ನು ಕಿರುಗುಟ್ಟಿ ನಿಂತಿತು.

"ಇವನ ಮುಂದೆ ಯಾಕಮ್ಮ ಹೇಳ್ದೆ?" ಎಂದರು ಏಕಾಂತಯ್ಯ, ಬಹಳ ಮೆಲ್ಲಗೆ. "ಮನೆಗೆ ಹೋಗಿ ನಿಮ್ಮತ್ತೆಗೆ ಏನು ಹೇಳ್ಲಿ ನಾನು?"

"ಇದ್ದದ್ದನ್ನೇ ಹೇಳಿ."

ಅವರು ಹೋಗಿ ರಸ್ತೆಯ ಅಂಚಿನಲ್ಲಿ ಬೆನ್ನು ಹಾಕಿ ನಿಂತರು. ಆಯಿಲ್ ಮೆತ್ತಿದ ಬೆರಳು ಬಿಳಿ ಪಂಚೆಗೆ ತಾಗದಂತೆ ಕೈಯನ್ನು ದೂರ ಹಿಡಿದಿದ್ದರು. ರಾಜಾಜಿನಗರದ ಬಸ್ಸು ಬಂತು, ನಿಂತಿತು, ಹೋಯಿತು. ಅವರು ಹತ್ತಲಿಲ್ಲ. ತಿರುಗಿ ಅವಳನ್ನು ಕರೆಯಲೂ ಇಲ್ಲ. ಮುನಿತಾಯಮ್ಮ ಒಂದು ಲೋಟ ಟೀ ತಂದು ಬೆಂಚಿನ ಮೇಲೆ ಇಟ್ಟು ಹೋದಳು.

ಚನ್ನಮಲ್ಲಪ್ಪ ಕಂಬಿಯನ್ನು ಸಿಕ್ಕಿಸಿದ. ಹೊಸ ಪಿನ್ ತೂರಿಸಿ ಅದರ ಎರಡೂ ಕಾಲನ್ನು ಇಕ್ಕಳದಿಂದ ಮಡಚಿದ. ಪೆಡಲನ್ನು ಕೈಯಿಂದ ಒತ್ತಿದ, ಎತ್ತಿದ. ಸ್ಪ್ಯಾನರುಗಳನ್ನು ಒರೆಸಿಟ್ಟು, ಕೊನೆಗೆ ಪತ್ರಿಕೆ ಮಡಚಲು ಬಗ್ಗಿದ.

ಅದರ ಮೇಲೆ ಎರಡು ಪಿನ್ನುಗಳಿದ್ದವು, ಒಂದು ಮುರಿದದ್ದು, ಒಂದು ಇಡಿಯದು. ಅವನು ನೀಲಾಳ ಕಡೆ ನೋಡಿದ. ತುರುಬು ಸಡಿಲಾಗಿ ಅವಳ ಕತ್ತಿನ ಮೇಲೆ ಇಳಿಯುತ್ತಿತ್ತು, ಅವಳು ಕೈಯೆತ್ತಿರಲಿಲ್ಲ. ಅವನು ಪತ್ರಿಕೆಯನ್ನು ಹಾಗೇ ಬಿಟ್ಟು, ಗಾಳಿಗೆ ಹಾರದಂತೆ ಮೂಲೆಯ ಮೇಲೆ ಸುತ್ತಿಗೆ ಇಟ್ಟ.