ಕಂಬಳಿಯೊಳಗಿನ ಕೂಸು

ಬಿಸಿಲು ಈಗಷ್ಟೇ ಹೆಬ್ಬೆರಳಿಗೆ ಬಂತು, ಮೊದಲು ಉಗುರಿಗೆ, ಆಮೇಲೆ ಕಾಲುಂಗುರದ ಬೆರಳಿಗೆ, ಇನ್ನು ಪಾದಕ್ಕೆ ಏರುತ್ತದೆ, ಏರಲಿ, ನಿಧಾನಕ್ಕೇ ಏರಲಿ, ಅವಸರ ಯಾರಿಗಿದೆ — ಗಂಗಕ್ಕ ಹೊದಿಕೆಯ ಅಂಚಿನಿಂದ ಕಾಲನ್ನು ಇನ್ನಷ್ಟು ಹೊರಗೆ ಚಾಚಿದಳು, ಹೊಸ್ತಿಲ ಒಳಮಗ್ಗುಲಿಗೆ ಹಾಕಿದ ಹೊರಸು ಕಿರ್ರೆಂದಿತು, ಪುಷ್ಯಮಾಸದ ಗಾಳಿ ಮಾಡದಕೆರೆಯ ಬಯಲನ್ನೆಲ್ಲ ಸುತ್ತಿ ಬಂದರೂ ಈ ಮೂಲೆಗೆ ಮಾತ್ರ ನುಗ್ಗುವುದಿಲ್ಲ, ಅತ್ತೆ ಹುಚ್ಚಕ್ಕ ಕಿಟಕಿಗೆ ಗೋಣಿತಾಟು ಕಟ್ಟಿ ಅದರ ಬಾಯಿ ಮುಚ್ಚಿದ್ದಾಳೆ, ಇವತ್ತೂ ಕೋಳಿ ಕೂಗುವ ಹೊತ್ತಿಗೇ ಎದ್ದು ಹಂಡೆಗೆ ಉರಿ ಹಾಕಿದವಳು ಅವಳೇ, ತೆಂಗಿನ ಗರಿ ಚಟಪಟ ಉರಿಯುವ ಸದ್ದನ್ನು ಕೇಳುತ್ತ ನಾನು ಮಲಗೇ ಇದ್ದೆನಲ್ಲ, ಮದುವೆಯಾಗಿ ಬಂದ ಮೇಲೆ ಯಾವ ಚಳಿಗಾಲದಲ್ಲಿ ಹಾಗೆ ಮಲಗಿದ್ದೇನೆ, ಆ ಹೊತ್ತಿಗೆ ರಾಗಿ ಬೀಸುವ ಕಲ್ಲಿನ ಗೂಟ ಕೈಯಲ್ಲಿರುತ್ತಿತ್ತು, ಬೆರಳು ಮರಗಟ್ಟಿರುತ್ತಿದ್ದವು, ಈಗ ನೋಡು — ಹರಳೆಣ್ಣೆ ತಿಕ್ಕುವ ಆ ಒರಟು ಕೈ, ಬೆನ್ನಿನ ಒಂದೊಂದು ಮೂಳೆಯನ್ನೂ ಮಾತಾಡಿಸುವ ಕೈ, ಬಿಸಿನೀರು ಚೆಂಬು ಚೆಂಬಾಗಿ ಸೊಂಟಕ್ಕೆ ಬಿದ್ದಾಗ ಒಳಗಿನ ನೋವು ಕರಗಿ ಹರಿದು ಬಚ್ಚಲಿಗೆ ಹೋಗುತ್ತದೆ, ಆಮೇಲೆ ಕೆಂಡ, ಕೆಂಡದ ಮೇಲೆ ಲೋಬಾನ, ಬಿಚ್ಚಿದ ಕೂದಲ ಬುಡಕ್ಕೆಲ್ಲ ಹೊಗೆ, ಆಮೇಲೆ ಮೆಣಸು ಬೆಳ್ಳುಳ್ಳಿಯ ಸಾರು, ಮೂಗಿನಲ್ಲಿ ನೀರು ಬರುವಷ್ಟು ಖಾರ, ಬಿಸಿ ಅನ್ನ, ಕೈಗೆ ಒಂದು ತುಂಡು ಒಣಕೊಬ್ಬರಿ, ಅಷ್ಟೇ ಬೆಲ್ಲ. ನಾನು ಏಳ್ತೀನಿ ಅತ್ತೆ, ಅಂಗಳಾನಾರೂ ಗುಡಿಸ್ತೀನಿ ಎಂದರೆ ಅತ್ತೆಗೆ ಸಿಟ್ಟು, ಮಲಕ್ಕಾ ಸುಮ್ಮನೆ, ಈ ಚಳಿ ಮೈಗೆ ಹೊಕ್ಕರೆ ಮುದುಕಿ ಆದಾಗ ಹೊರಗೆ ಬತ್ತೈತೆ ಎನ್ನುತ್ತಾಳೆ. ಮಲಗಿರುವುದೂ ಒಂದು ಕೆಲಸವೆಂದು ಗಂಗಕ್ಕನಿಗೆ ಇಪ್ಪತ್ತಮೂರು ವರ್ಷಕ್ಕೆ ಗೊತ್ತಾಗಿದೆ, ಮೊದಮೊದಲು ಕಳ್ಳತನದ ಹಾಗೆ ಅನ್ನಿಸುತ್ತಿತ್ತು, ಈಗ ಇಲ್ಲ, ಬಿಸಿಲು ಪಾದ ದಾಟಿ ಗೆಜ್ಜೆಯ ಹತ್ತಿರ ಬಂತು, ಮತ್ತು ಎದುರಿಗೆ ಜಗಲಿಯ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಮುಖವನ್ನು ಅದೇ ಬಿಸಿಲಿಗೆ ಕೊಟ್ಟು, ಮಾವ ಚಿತ್ತಯ್ಯ ಕುಳಿತಿದ್ದಾನೆ, ಕತ್ತಿನವರೆಗೂ ಕರಿ ಕಂಬಳಿ, ಕಂಬಳಿಯೊಳಗೆ ಅವನ ಬರಿ ಎದೆ, ಆ ಎದೆಯ ಮೇಲೆ ತನ್ನ ಕೂಸು.

ಹುಟ್ಟಿ ಇವತ್ತಿಗೆ ಮೂವತ್ತು ದಿನ. ಹೆಣ್ಣುಕೂಸು. ಇನ್ನೂ ಹೆಸರಿಲ್ಲ, ಬದುಕಲಿ, ಆಮೇಲೆ ಹೆಸರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಅದನ್ನೇ ಅಂದುಕೊಂಡಿದ್ದರು, ತಾನೂ — ಅಯ್ಯೋ, ತಾನೂ ಅಂದುಕೊಂಡಿದ್ದಳು. ಹೊಸದುರ್ಗದಿಂದ ನರ್ಸಮ್ಮ ಪಾರ್ವತಮ್ಮ ಇವತ್ತು ಬರುತ್ತಾಳೆ, ತೂಕ ಹಾಕುತ್ತಾಳೆ, ಇನ್ನು ಸಾಕು ಎಂದರೆ ಕೂಸು ಜಗಲಿಯಿಂದ ಈ ಹೊರಸಿಗೆ ಬರುತ್ತದೆ, ಇಷ್ಟು ದಿನ ಬಂದದ್ದು ಬರೀ ನಂಟರ ಹಾಗೆ, ಒಂದು ಗಳಿಗೆ ಹಾಲಿಗೆ ಬಾಯಿ ಇಟ್ಟು ದಣಿದು ಕೈಬಿಟ್ಟು, ಮತ್ತೆ ಆ ಕಂಬಳಿಯೊಳಗೇ — ತನ್ನ ಗುರುತು ಸಿಗುತ್ತದೋ ಇಲ್ಲವೋ ಅದಕ್ಕೆ, ತನ್ನ ಎದೆಯಲ್ಲಿ ಕುರಿಯ ವಾಸನೆಯಿಲ್ಲ, ಆ ಗೊರಗೊರ ಉಸಿರಿಲ್ಲ, ಅತ್ತುಬಿಟ್ಟರೆ ಏನು ಮಾಡುವುದು, ಅಳಲಿ, ಅಳುವಷ್ಟು ಶಕ್ತಿ ಬಂತಲ್ಲ, ಆ ದಿನ ಅಳುವುದಕ್ಕೂ ಶಕ್ತಿಯಿರಲಿಲ್ಲ. ಆ ದಿನ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು, ಎಂಟು ತಿಂಗಳು ಇನ್ನೂ ತುಂಬಿರಲಿಲ್ಲ, ಸೊಗಡಿನ ಅಂಟು ಬೆರಳಿಗೆ ಹತ್ತಿತ್ತು, ಸೊಂಟದಲ್ಲಿ ಯಾರೋ ಹಗ್ಗ ಹಾಕಿ ಎಳೆದಂತಾಯಿತು, ಮನೆ ಸೇರುವ ಹೊತ್ತಿಗೆ ಸೀರೆ ಒದ್ದೆ, ಹೊತ್ತು ವಾಲುವ ಮುಂಚೆ ಹೆರಿಗೆ, ಎಷ್ಟು ಸಲೀಸಾಗಿ ಜಾರಿ ಬಂತೆಂದರೆ ಅದಕ್ಕೇ ಹೆದರಿಕೆಯಾಯಿತು, ಅತ್ತೆಯ ಎರಡು ಅಂಗೈ ಸಾಕಾಯಿತು ಅದನ್ನು ಹಿಡಿಯಲು, ತುಟಿ ನೇರಳೆಹಣ್ಣಿನ ಬಣ್ಣ, ಅಳುವೆಂದರೆ ಬೆಕ್ಕಿನ ಮರಿಯ ಒಂದು ಮಿಣುಕು, ಮತ್ತೆ ಸುಮ್ಮನೆ. ಅತ್ತೆ ಹಳೇ ಸೀರೆ ಸುತ್ತಿದಳು, ಎರಡು ಸುತ್ತು, ನಾಲ್ಕು ಸುತ್ತು, ಮೊರಕ್ಕೆ ಬಟ್ಟೆ ಹಾಸಿ ಮಲಗಿಸಿದಳು, ಆ ಮೊರವನ್ನು ನೋಡಿದ್ದೇ ಗಂಗಕ್ಕ ಮುಖ ಗೋಡೆಗೆ ತಿರುಗಿಸಿದ್ದಳು.

ಏಕೆಂದರೆ ಎರಡು ವರ್ಷದ ಹಿಂದೆಯೂ ಹೀಗೆಯೇ ಮೊರ, ಹೀಗೆಯೇ ಹಳೇ ಸೀರೆ, ಇದೇ ಕೊರೆಯುವ ತಿಂಗಳು, ಅದೂ ದಿನ ತುಂಬದೆ ಬಂದದ್ದು, ಗಂಡು, ಮೂರನೆಯ ದಿನ ಬೆಳಿಗ್ಗೆ ಮುಟ್ಟಿದರೆ ಸುತ್ತಿದ ಬಟ್ಟೆ ಬೆಚ್ಚಗಿತ್ತು, ಒಳಗೆ ಕೂಸು ತಣ್ಣಗಿತ್ತು — ಸಾಕು, ಅದನ್ನು ನೆನೆಯಬೇಡ, ಬಿಸಿಲು ಬರುತ್ತಿದೆ, ಬಿಸಿಲನ್ನು ನೋಡು — ಮಾವನೇ ಹೊಲದ ಬದುವಿನಲ್ಲಿ ಗುಂಡಿ ತೋಡಿ ಬಂದಿದ್ದ, ಕೈಕಾಲು ತೊಳೆದು, ಒಂದು ಮಾತಿಲ್ಲದೆ, ಕೋಲು ತೆಗೆದುಕೊಂಡು ಅವತ್ತೇ ಕುರಿಮಂದೆಗೆ ಹೊರಟುಹೋಗಿದ್ದ, ತಿರುಗಿ ಬಂದದ್ದು ಎರಡು ತಿಂಗಳಿಗೆ, ಕಲ್ಲು, ಕಲ್ಲಿನ ಮನುಷ್ಯ ಎಂದು ಗಂಗಕ್ಕ ಅವತ್ತೇ ತೀರ್ಮಾನ ಮಾಡಿದಳು, ಆಮೇಲೆ ಅವನಿಗೆ ಮುದ್ದೆ ಬಡಿಸುವಾಗಲೂ ಮುಖ ನೋಡಿದ್ದಿಲ್ಲ, ಅವನೂ ಮಾತಾಡಿಸಿದ್ದಿಲ್ಲ, ನೀರು ಬೇಕಾದರೆ ಹೆಂಡತಿಯನ್ನು ಕೂಗುತ್ತಿದ್ದ. ಮಾತಿಲ್ಲದವರೆಲ್ಲ ಕಲ್ಲೆಂದು ಯಾರು ಹೇಳಿಕೊಟ್ಟರು ತನಗೆ.

ಈ ಸಲ ಅವನು ಊರಲ್ಲಿದ್ದದ್ದೇ ಒಂದು ಪುಣ್ಯ. ಮಂದೆ ಹಿರಿಯೂರಿನ ಕಡೆ ಆದಿವಾಲದ ಹೊಲಗಳಲ್ಲಿತ್ತು, ಅಲ್ಲಿನ ರೈತರು ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬಿಸಿಕೊಳ್ಳುವ ಕಾಲ, ಮಗ ನಿಂಗಪ್ಪನನ್ನು, ಗಂಗಕ್ಕನ ಗಂಡನನ್ನು, ಅಲ್ಲಿ ಬಿಟ್ಟು ರಾಗಿಹಿಟ್ಟು ಒಯ್ಯಲು ಒಂದೇ ದಿನಕ್ಕೆಂದು ಬಂದಿದ್ದ, ಹಿಟ್ಟಿನ ಚೀಲವನ್ನು ಕಟ್ಟಿ ಹೆಗಲಿಗೇರಿಸುವ ಹೊತ್ತಿಗೆ ಒಳಗಿನ ಆ ಮಿಣುಕು ಕೇಳಿಸಿತೋ ಏನೋ, ಚೀಲ ಇಳಿಸಿ ಹೊಸ್ತಿಲ ಹತ್ತಿರ ಬಂದು ನಿಂತ, ಗಂಡಸು ಹೆರಿಗೆ ಕೋಣೆಯ ಬಾಗಿಲಿಗೆ ಬರುವುದು ಎಲ್ಲಾದರೂ ಉಂಟೇ, ಅತ್ತೆ ಅತ್ತ ಹೋಗು ಅತ್ತ ಹೋಗು ಎಂದು ಕೈ ಬೀಸಿದಳು, ಅವನು ಹೋಗಲಿಲ್ಲ. ಅದನ್ನ ಇತ್ಲಾಗೆ ಕೊಡು ಎಂದ. ಏನು ಮಾಡ್ತೀಯ ಎಂದಳು ಅತ್ತೆ. ಮರಿಗೆ ಏನು ಮಾಡ್ತೀವೋ ಅದನ್ನೇ ಮಾಡ್ತೀನಿ, ಬಟ್ಟೆ ಎಲ್ಲ ಬಿಚ್ಚಿ ಕೊಡು ಎಂದ, ಅಂಗಿ ಕಳಚಿ ಗೂಟಕ್ಕೆ ಹಾಕಿದ, ಒಲೆಯ ಮುಂದೆ ಕುಳಿತು ಅಂಗೈ ಕಾಯಿಸಿಕೊಂಡ, ಎದೆಗೆ ಉಜ್ಜಿಕೊಂಡ, ಅತ್ತೆಗೆ ಏನನ್ನಿಸಿತೋ, ಕೊಟ್ಟಳು. ಮಂದೆಯಲ್ಲಿ ಅಕಾಲಕ್ಕೆ ಈದ ಮರಿಯನ್ನು ತಾಯಿಕುರಿ ನೆಕ್ಕದೆ ಬಿಟ್ಟರೆ ಕುರುಬರು ಎದೆಗೆ ಹಾಕಿಕೊಳ್ಳುತ್ತಾರೆ, ಕಂಬಳಿಯೊಳಗೆ ಹೊತ್ತುಕೊಂಡೇ ನಡೆಯುತ್ತಾರೆ, ಗಂಗಕ್ಕ ಚಿಕ್ಕಂದಿನಿಂದ ನೋಡಿದ್ದಳು, ಅಪ್ಪನ ಕಂಬಳಿಯಿಂದ ಮರಿಯ ಮೂತಿ ಹೊರಬಂದಿದ್ದನ್ನು ನೋಡಿ ನಕ್ಕಿದ್ದಳು, ಆದರೂ ಹೊಳೆಯಲಿಲ್ಲವಲ್ಲ, ಯಾರಿಗೂ, ಮೊರದ ಮುಂದೆ ಕುಳಿತು ಅಳುವುದೊಂದೇ ಹೊಳೆದದ್ದು.

ಆಮೇಲಿನ ದಿನಗಳು ಜ್ವರದೊಳಗೆ ಮುಳುಗಿವೆ, ಹಿಂದುಮುಂದು ತಿಳಿಯುವುದಿಲ್ಲ, ನೀರಿನಡಿಯಿಂದ ನೋಡಿದ ಹಾಗೆ — ನರ್ಸಮ್ಮನ ಬಿಳಿ ಸೀರೆ, ಸೂಜಿ, ಕಹಿ ಗುಳಿಗೆ, ಅತ್ತೆ ಗಂಗಕ್ಕನ ಎದೆಹಾಲನ್ನು ಬಟ್ಟಲಿಗೆ ಹಿಂಡಿಕೊಳ್ಳುತ್ತಿದ್ದಳು, ಹಾಲು ಜಗಲಿಗೆ ಹೋಗುತ್ತಿತ್ತು, ಮಾವ ಹತ್ತಿಯ ಬತ್ತಿ ಅದ್ದಿ ಅದ್ದಿ ತುಟಿಗೆ ಮುಟ್ಟಿಸುತ್ತಿದ್ದ, ಹನಿ, ಇನ್ನೊಂದು ಹನಿ, ನುಂಗಿತು ಕಣೇ ಎಂದು ಅತ್ತೆ ಒಳಗೆ ಬಂದು ಹೇಳುತ್ತಿದ್ದಳು. ಐದನೆಯ ದಿನ ನರ್ಸಮ್ಮ ಮೊದಲ ಸಲ ಬಂದಾಗ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕಳಿಸುವ ಮಾತಾಡಿದ್ದಳು, ಕಂಬಳಿ ಸರಿಸಿ ಕೂಸಿನ ಕಾಲು ಮುಟ್ಟಿದಳು, ಬೆಚ್ಚಗಿತ್ತು, ಮತ್ತೆ ಮುಟ್ಟಿದಳು, ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು, ಹೊರಗೆ ಗಾಳಿ ರೊಯ್ಯೆನ್ನುತ್ತಿತ್ತು, ಎರಡು ಬಸ್ಸು ಹತ್ತಿ ಇಳಿಯಬೇಕು, ಕೊನೆಗೆ ಕಂಬಳಿಯನ್ನು ಮತ್ತೆ ತಾನೇ ಎಳೆದು ಮುಚ್ಚಿ, ಅಜ್ಜ, ನೀವು ಮಾಡ್ತಿರೋದನ್ನೇ ಮಾಡ್ರಿ, ಇಳಿಸಬ್ಯಾಡ್ರಿ ಎಂದಳು. ಆ ಮಾತಿಗೆ ಅವಳ ಮಕ್ಕಳು ಬೆಚ್ಚಗಿರಲಿ. ಬೈದು ಕಿತ್ತುಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಅಂದು ತೂಗಿದಾಗ ಒಂದು ಕಿಲೋ ಮುನ್ನೂರು, ಒಂದು ಸಣ್ಣ ಕುಂಬಳಕಾಯಿಯಷ್ಟೂ ಇಲ್ಲ.

ಅವನು ಇಳಿಸಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಚಳಿಗಾಲಕ್ಕೆ ಮಂದೆ ಅವನಿಲ್ಲದೆ ಇತ್ತು, ನೀನೇ ನೋಡಿಕೋ ಎಂದು ಹಿರಿಯೂರಿಗೆ ಹೋಗುವವರ ಕೈಲಿ ಮಗನಿಗೆ ಹೇಳಿಕಳಿಸಿದ, ಬೀಡಿ ಬಿಟ್ಟ, ಹೊಗೆ ಕೂಸಿಗೆ ಆಗದು ಎಂದು ಯಾರು ಹೇಳಿದರೋ, ಒಂದೇ ಕೈಯಲ್ಲಿ ಮುದ್ದೆ ನುಂಗಿದ, ಗೋಡೆಗೆ ಒರಗಿಯೇ ನಿದ್ದೆ, ಸ್ನಾನಕ್ಕೆ ಹೋದಾಗ ಮಾತ್ರ ಅತ್ತೆಯ ಎದೆಗೆ, ಮೈ ಒರೆಸಿಕೊಂಡು ಬಂದು ಮತ್ತೆ ಅವನ ಎದೆಗೆ, ಎರಡು ಕಂಬಳಿ, ಒಂದು ಮೈಮೇಲಿದ್ದರೆ ಇನ್ನೊಂದು ಒಲೆಯ ಬಳಿ ಕಾಯುತ್ತಿರುತ್ತದೆ. ಜ್ವರ ಇಳಿದ ಮೇಲೆ ಗಂಗಕ್ಕನಿಗೆ ಮೊದಲು ಕೇಳಿಸಿದ್ದು ಅವನ ಮಾತು, ಗೋಡೆಯಾಚೆ ಯಾರೋ ಮಾತಾಡುತ್ತಿದ್ದಾರೆ, ಯಾರು ಬಂದಿದ್ದಾರೆ ಅತ್ತೆ ಎಂದು ಕೇಳಿದಳು, ಯಾರೂ ಇಲ್ಲ, ನಿಮ್ಮಾವ ಕೂಸಿನ್ ಕೂಟೆ ಹರಟ್ತಾ ಅವ್ನೆ ಎಂದಳು ಅತ್ತೆ. ಅವನೇ. ಆ ಮಾತಿಲ್ಲದವನೇ. ಮುರುಕು ಕೊಂಬಿನ ಟಗರಿನ ಕಥೆ ಹೇಳುತ್ತಿದ್ದ, ಚಂದ್ರವಳ್ಳಿಯ ಗವಿಯಲ್ಲಿ ಮಳೆಗೆ ಸಿಕ್ಕಿಬಿದ್ದು ಕುರಿಗಳ ನಡುವೆ ನುಸುಳಿ ಮಲಗಿ ಬದುಕಿದ್ದನ್ನು ಹೇಳುತ್ತಿದ್ದ, ಕುರಿ ಮಗ್ಗುಲಲ್ಲಿದ್ರೆ ಚಳಿ ಹತ್ರ ಬರಾಕಿಲ್ಲ ಪುಟ್ಟವ್ವ, ನೀನು ದೊಡ್ಡೋಳಾಗು, ತೋರುಸ್ತೀನಿ — ಗಂಗಕ್ಕ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ಅತ್ತಿದ್ದಳು, ಜ್ವರ ಬಿಟ್ಟವರಿಗೆ ಅಳು ಬೇಗ ಬರುತ್ತದೆ, ಅತ್ತ ಮೇಲೆ ಮೈ ಹಗುರವಾಗಿ ನಿದ್ದೆ ಬಂತು, ಎಂಥ ನಿದ್ದೆ, ಎರಡು ವರ್ಷದಿಂದ ಬಂದಿರದ ನಿದ್ದೆ.

ನಾಯಿ ಬೊಗಳಿತು, ನರ್ಸಮ್ಮ ಬಂದಳು, ಬಿಸಿಲು ಯಾವಾಗಲೋ ಮಂಡಿಗೆ ಬಂದಿದೆ, ಕೊಕ್ಕೆಯ ತಕ್ಕಡಿ, ಜೋಳಿಗೆಯಂಥ ಬಟ್ಟೆ, ಅತ್ತೆ ಬಟ್ಟೆಯನ್ನು ಒಲೆಗೆ ಹಿಡಿದು ಬಿಸಿ ಮಾಡಿ ತಂದಳು, ಕೂಸು ಗಾಳಿಗೆ ಬಿದ್ದಿದ್ದೇ ಕಿರುಚಿತು, ಕೇರಿಗೆಲ್ಲ ಕೇಳುವಂತೆ, ಅಬ್ಬ ಅದರ ಗಂಟಲು, ನರ್ಸಮ್ಮ ಮುಳ್ಳು ನೋಡುತ್ತಾಳೆ, ಬಗ್ಗಿ ನೋಡುತ್ತಾಳೆ, ಒಂದು ಕಿಲೋ ಒಂಬೈನೂರೈವತ್ತು ಎನ್ನುತ್ತಾಳೆ, ಗೆದ್ದುಬಿಡ್ತು ಈ ಕೂಸು, ಇನ್ನು ತಾಯಿ ಹತ್ರ ಇರಲಿ, ಹೀಂಗೇ ಎದೆಗೆ ಹಾಕ್ಕೊಂಡು ಕಂಬಳಿ ಮುಚ್ಕೊಂಡಿರು, ಚಳಿ ಹೋಗೋವರೆಗೂ ಬಿಡಬ್ಯಾಡ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವ ಕೂಸನ್ನು ಮತ್ತೆ ಕಂಬಳಿಯೊಳಗೆ ಇಟ್ಟುಕೊಂಡ, ಅಭ್ಯಾಸಬಲ, ಕೊಡುವುದನ್ನೇ ಮರೆತವನ ಹಾಗೆ, ಒಂದು ಗಳಿಗೆ, ಎರಡು ಗಳಿಗೆ, ಯಾರೂ ಕೇಳಲಿಲ್ಲ, ಅವನೇ ಎದ್ದ, ಮಂಡಿ ಹಿಡಿದುಕೊಂಡಿತ್ತು, ಗೋಡೆ ಹಿಡಿದು ಎದ್ದ, ಹೊಸ್ತಿಲಿಗೆ ಬಂದ.

ಮಾವ, ಕುಂತ್ಕಳ್ರಿ, ಎಂದಳು ಗಂಗಕ್ಕ, ಎರಡು ವರ್ಷದಲ್ಲಿ ಅವನಿಗೆಂದು ಆಡಿದ ಮೊದಲ ಮಾತು, ಅವನು ಹೊರಸಿನ ಅಂಚಿಗೆ ಕುಳಿತ, ಅವಳ ಮುಖ ನೋಡಲಿಲ್ಲ, ನೆಲ ನೋಡುತ್ತ ಹೇಳಿದ, ಆ ಸಲ ನಂಗೆ ಹೊಳೀಲಿಲ್ಲ ಕಣವ್ವ. ಮರಿಗೆ ಮಾಡೋದು ಮಗೀಗೂ ಮಾಡಬೌದು ಅಂತ ಹೊಳೀಲಿಲ್ಲ. ಗುಂಡಿ ತೋಡುವಾಗ ಹೊಳೀತು. ನಿನ್ನ ಮುಖ ಹೆಂಗೆ ನೋಡ್ಲಿ ಅಂತ ಮಂದೆಗೆ ಹೋಗ್ಬಿಟ್ಟೆ. ಗಂಗಕ್ಕ ಹೊದಿಕೆಯನ್ನು ಕೆಳಗೆ ಸರಿಸಿ ಕೂಸಿಗೆ ಜಾಗ ಮಾಡಿದಳು, ನಂಗೂ ಹೊಳೀಲಿಲ್ಲ ಮಾವ, ಎನ್ನಬೇಕು, ನನಗೂ, ಅತ್ತೆಗೂ, ಯಾರಿಗೂ, ನಿಮ್ಮ ಋಣ, ಎನ್ನಬೇಕು, ಕೂಸಿನ ಹೆಸರು ನೀವೇ ಇಡ್ರಿ ಎಂದಷ್ಟೇ ಬಾಯಿಗೆ ಬಂತು, ಅವನು ತಲೆಯಾಡಿಸಿದ, ಕಂಬಳಿ ಬಿಚ್ಚಿದ, ಎರಡೂ ಕೈಯಲ್ಲಿ ಎತ್ತಿ ಅವಳ ಎದೆಯ ಮೇಲೆ ಮಲಗಿಸಿದ, ಬೆಚ್ಚಗೆ, ಇಷ್ಟು ಬೆಚ್ಚಗೆ, ಒಲೆಯಿಂದ ತೆಗೆದ ಗೆಣಸಿನ ಹಾಗೆ, ಕೂಸು ಒಂದು ಸಲ ಮುಖ ಹೊರಳಿಸಿತು, ಹುಡುಕಿತು, ಅಳಲಿಲ್ಲ, ಅಳಲೇ ಇಲ್ಲ, ಬಾಯಿ ಹಚ್ಚಿತು, ಅತ್ತೆ ಇಬ್ಬರ ಮೇಲೂ ಕಾಯಿಸಿದ ಕಂಬಳಿ ಎಳೆದಳು, ನಿಂಗಪ್ಪನಿಗೆ ಹೇಳಿಕಳಿಸಬೇಕು, ನರ್ಸಮ್ಮನಿಗೆ ಅವರೆಕಾಯಿ ಕಟ್ಟಿಕೊಡಬೇಕು, ಏನೋ ಹೇಳಬೇಕೆಂದು ಗಂಗಕ್ಕ ತಲೆಯೆತ್ತಿದಳು, ಮಾವ ಇನ್ನೂ ಅಂಗಿ ಹಾಕಿರಲಿಲ್ಲ, ಬಿಸಿಲು ಅವನ ಎದೆಗೆ ನೇರ ಬಿದ್ದಿತ್ತು, ನರೆತ ಕೂದಲ ನಡುವೆ ಅಂಗೈಯಗಲ ಕೆಂಪಾಗಿತ್ತು, ಕೂಸು ಇಷ್ಟು ಹೊತ್ತೂ ಒತ್ತಿ ಮಲಗಿದ ಜಾಗ, ಅದರಲ್ಲಿ ಒಂದು ಗುರುತು, ಸಣ್ಣ ಸುರುಳಿ, ಕಿವಿಯದು, ಅವನಿಗೆ ಗೊತ್ತಿಲ್ಲ, ಅವನು ಗೂಟದ ಅಂಗಿಗೆ ಕೈ ಚಾಚುತ್ತಿದ್ದಾನೆ, ತಾಳ್ರಿ ಮಾವ, ಎನ್ನಬೇಕು, ನಿಂಗಪ್ಪನಿಗೆ ಹೇಳಿಕಳಿಸಬೇಕು, ಇಲ್ಲ, ಆ ಗುರುತು, ಈಗ ಮಾಸಿಹೋಗುತ್ತದೆ, ಮುದುಕನ ಎದೆಯ ಮೇಲೆ ಕೂಸಿನ ಕಿವಿ, ಪೂರ್ತಿ ಮೂಡಿದ, ಕೆಂಪನೆಯ, ಬೆರಳ ತುದಿಯಷ್ಟು ಕಿವಿ.