ಮೂರರ ತುದಿಯ ಗುಂಡು

ಅಕ್ಷರ ಬರೆಯುವವರ ಜಂಬ ಎಷ್ಟೆಂದು ತಿಳಿಯಬೇಕಾದರೆ ಅವರ ಗೋಡೆ ನೋಡಬೇಕು. ನಮ್ಮ ಈ ಅಕ್ಷರಗಾರ ಕೆಲಸ ಮಾಡುವ ಕೋಣೆಯ ಗೋಡೆಯಲ್ಲಿ ಇಂಗ್ಲಿಷಿನ ಮೂರು (3) ಎಂಬ ಅಂಕಿಯೊಂದೇ ಆಳೆತ್ತರಕ್ಕೆ ನಿಂತಿತ್ತು. ದಪ್ಪಗೆ, ಬಲಕ್ಕೆ ವಾಲಿಕೊಂಡು, ಎರಡು ತುದಿಗೂ ದುಂಡನೆಯ ಗುಂಡು ಹೊತ್ತುಕೊಂಡು. ತುದಿಗಳಿಗೆ ಪುಟ್ಟ ಪಾದವಿರುವ ಸೆರಿಫ್ ಅಕ್ಷರಗಳ ಇಡೀ ಕುಟುಂಬವನ್ನು ಅವನು ಎರಡು ವರ್ಷ ಕೂತು ಬರೆದಿದ್ದ. ಅದರಲ್ಲಿ ದಪ್ಪಗೆ ವಾಲಿ ನಿಲ್ಲುವ ಬೋಲ್ಡ್ ಇಟಾಲಿಕ್ಕನ್ನು ಮಾತ್ರ ಮುದ್ದಿನ ಕೊನೆಯ ಮಗುವಿನಂತೆ ಸಾಕಿದ್ದ. ದಪ್ಪಕ್ಷರವನ್ನೇ ಕಂಪ್ಯೂಟರಿನಲ್ಲಿ ವಾಲಿಸಿಬಿಟ್ಟರೆ ಸಾಲದೇ ಎಂದು ಕೇಳಿದವರ ಜೊತೆ ವಾರಗಟ್ಟಲೆ ಮಾತು ಬಿಟ್ಟದ್ದೂ ಉಂಟು.

ಆ ಅಕ್ಷರಗಳನ್ನು ಔಷಧ ಕಂಪನಿಯೊಂದು ಒಪ್ಪಿಕೊಂಡಿತ್ತು. ಡಬ್ಬಿಯೊಳಗೆ ಮಡಚಿಡುವ ಚೀಟಿಯಲ್ಲಿ ಎಚ್ಚರಿಕೆಯ ಸಾಲುಗಳಿಗೆಲ್ಲ ಬೋಲ್ಡ್ ಇಟಾಲಿಕ್. ಮರುದಿನ ಬೆಳಗ್ಗೆ ಕಡತ ಮುದ್ರಣಕ್ಕೆ ಹೋಗಬೇಕು. ಅಕ್ಷರಗಾರನ ಕಚೇರಿಯ ಪದ್ಧತಿಯಂತೆ ಅಕ್ಷರವನ್ನು ದೊಡ್ಡದಾಗಿ ಅಚ್ಚು ಹಾಕಿ, ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಎಲ್ಲರೂ ತಲೆದೂಗಿಯಾಗಿತ್ತು. ಆ ಗುಂಡುಗಳಿಗಾಗಿಯೇ ಕಚೇರಿಯ ಯಜಮಾನರು ಅವನ ಬೆನ್ನು ತಟ್ಟಿದ್ದರು.

ಸಂಜೆ, ಚೀಟಿಯ ಅಳತೆಯಲ್ಲೇ ಅಚ್ಚಾದ ಮಾದರಿಯನ್ನು ಅಕ್ಕನಿಗೆ ತೋರಿಸಲು ಮನೆಗೆ ತಂದ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಅವಳು ಭೇಷ್ ಎನ್ನದಿದ್ದರೆ ಬೇರೆ ಯಾರ ಹೊಗಳಿಕೆಯೂ ಅವನ ಮೈಗೆ ಹತ್ತುತ್ತಿರಲಿಲ್ಲ. ಅಕ್ಕ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಗಟ್ಟಿಯಾಗಿ ಓದಿದಳು: "ದಿನಕ್ಕೆ ಎಂಟು ಹನಿಗಿಂತ ಹೆಚ್ಚು ಹಾಕಬಾರದು."

ಅವನು ನಕ್ಕ. ಎಂಟಲ್ಲ, ಮೂರು, ಕನ್ನಡಕ ಒರೆಸಿಕೋ ಎಂದ. ಅವಳು ಒರೆಸಿಕೊಂಡು ಮತ್ತೆ ನೋಡಿ, ಎಂಟೇ ಎಂದಳು. ಅವನಿಗೆ ರೇಗಿತು. ಚೀಟಿ ಕಿತ್ತುಕೊಂಡು ಕೆಳಗಿನ ಸಾಲಿನತ್ತ ಕಣ್ಣು ಹಾಯಿಸಿದ. ಅಲ್ಲಿಯೂ ಒಂದು ಅಂಕಿ. ಮೂರೋ ಎಂಟೋ ಅವನಿಗೇ ಹೇಳಲಾಗಲಿಲ್ಲ. ಶಾಯಿ ಹರಡಿ, ಗುಂಡುಗಳು ನಡುವಿನ ಮೂಲೆಗೆ ಅಂಟಿಕೊಂಡು, ಎಡಕ್ಕೆ ತೆರೆದಿರಬೇಕಾದ ಅಂಕಿಯ ಬಾಯಿ ಮುಚ್ಚಿಹೋಗಿತ್ತು. ಇಷ್ಟು ದಿನ ಅವನು ಅದನ್ನು ಓದಿರಲೇ ಇಲ್ಲ. ತಾನು ಬರೆದದ್ದನ್ನು ನೆನಪಿಸಿಕೊಳ್ಳುತ್ತಿದ್ದ, ಅಷ್ಟೆ.

ತಮ್ಮನ ಮುಖ ಕಪ್ಪಿಟ್ಟದ್ದನ್ನು ಕಂಡು ಅಕ್ಕ ಕನ್ನಡಕ ತೆಗೆದಿಟ್ಟಳು. "ನನ್ನ ಕಣ್ಣೇ ಸರಿಯಿಲ್ಲ ಬಿಡೋ, ವಯಸ್ಸಾಯ್ತಲ್ಲ. ನನ್ನ ಮಾತು ಕೇಳಿ ಮಾಡಿದ ಕೆಲಸ ಕೆಡಿಸ್ಕೋಬೇಡ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಸಮಾಧಾನವನ್ನು ಅವನಿಂದ ತಡೆಯಲಾಗಲಿಲ್ಲ. ಅಲ್ಲೇ ನಿಂತು ಯಜಮಾನರಿಗೆ ಫೋನು ಮಾಡಿ, ಗುಂಡು ತೆಗೆಯಬೇಕು, ನಾಳೆ ಕಡತ ಕೊಡಲಾಗದು ಎಂದ. ಅವರು ಚೆನ್ನಾಗಿ ಉಗಿದರು. ಗುಂಡಿಲ್ಲದ ಮೂರು ಬೋಳುಬೋಳಾಗಿ ಕಾಣುತ್ತದೆ, ಕಂಪನಿ ಕೈಬಿಟ್ಟರೆ ಎರಡು ವರ್ಷ ನೀರುಪಾಲು, ಇಷ್ಟು ಸಣ್ಣದಕ್ಕೆ ಯಾರು ಬಂದು ದೂರು ಕೊಡುತ್ತಾರೆ ಎಂದು ಕೇಳಿದರು.

"ಯಾರೂ ಕೊಡಲ್ಲ ಸರ್," ಎಂದ ಅವನು, ಅಕ್ಕನ ಕಡೆ ನೋಡುತ್ತ. "ಅನುಮಾನ ಬಂದ್ರೂ ತಮ್ಮ ಕಣ್ಣನ್ನೇ ಬೈಕೊಂಡು, ಎಂಟು ಹನಿ ಹಾಕ್ಕೋತಾರೆ."